ಬಿಡಿ ಅಂದರೆ ಬಿಡಬೇಕು

2025ರ ಅಕ್ಟೋಬರ್ 17, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಬೆಟ್ಟದ ನೆತ್ತಿಯ ಗಾಳಿಮನೆಯಲ್ಲಿ ನಿಂತು ಗಾಳಿಯಕ್ಕ ಕರಿಹಲಗೆಯ ಮೇಲೆ ಬರೆದಳು: ಗಾಳಿ ಪಶ್ಚಿಮದಿಂದ, ಗಂಟೆಗೆ 19 ಕಿಲೋಮೀಟರ್, ಜೋರಾದಾಗ 23. ಸೀಮೆಸುಣ್ಣ ಕೆಳಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಒಂಬತ್ತರ ಬಾಲ ಸರಿಯಾಗಿ ಬಂದಿಲ್ಲವೆಂದು ಅಳಿಸಿ ಮತ್ತೆ ಬರೆದಳು.

ಗಾಳಿಮನೆ ಎಂದರೆ ಹತ್ತಡಿ ಉದ್ದ, ಎಂಟಡಿ ಅಗಲದ ತಗಡಿನ ಕೋಣೆ. ಮೂರು ಕಡೆ ಕಿಟಕಿ, ನಾಲ್ಕನೆಯ ಕಡೆ ಬಾಗಿಲು. ಒಳಗೆ ಒಂದು ಮೇಜು, ವಾಯುಭಾರ ಮಾಪಕ, ಗೂಟಕ್ಕೆ ನೇತುಹಾಕಿದ ವಾಕಿಟಾಕಿಗಳು, ದುರ್ಬೀನು, ಮತ್ತು ಒಂದು ಕಾಲು ಗಿಡ್ಡವಾದ ಕುರ್ಚಿ. ಆ ಗಿಡ್ಡ ಕಾಲಿನ ಕೆಳಗೆ ಹಳೆಯ ಹವಾಮಾನ ನಕ್ಷೆಯೊಂದನ್ನು ಎಂಟು ಮಡಿಕೆ ಮಾಡಿ ಇಡಲಾಗಿತ್ತು. ಹೊರಗೆ ಎರಡು ಜಾಗಗಳಿದ್ದವು. ಬಲಕ್ಕೆ ಹುಲ್ಲಿನ ಇಳಿಜಾರು: ಪ್ಯಾರಾಗ್ಲೈಡರ್‌ನವರು ತಮ್ಮ ಬಣ್ಣಬಣ್ಣದ ಬಟ್ಟೆಯ ರೆಕ್ಕೆಗಳನ್ನು ಹಾಸಿಕೊಂಡು ಓಡುವುದು ಅಲ್ಲಿಂದ. ಎಡಕ್ಕೆ ಬೆಟ್ಟದ ಅಂಚಿನಾಚೆ ನಾಲ್ಕು ಮೀಟರ್ ಚಾಚಿಕೊಂಡ ಹಲಗೆಯ ಅಟ್ಟಣೆ: ಕೊಳವೆಯ ಚೌಕಟ್ಟಿಗೆ ಬಿಗಿದ ಗಟ್ಟಿ ರೆಕ್ಕೆಯ ಹ್ಯಾಂಗ್ ಗ್ಲೈಡರ್‌ಗಳು ಹಾರುವುದು ಅಲ್ಲಿಂದ. ಎರಡಕ್ಕೂ ಒಬ್ಬಳೇ ಯಜಮಾನಿ, ಗಾಳಿಯಕ್ಕ. ಅವಳು ತಲೆಯಾಡಿಸದೆ ಈ ಬೆಟ್ಟದಿಂದ ಯಾರೂ ಕಾಲು ಕೀಳುವಂತಿರಲಿಲ್ಲ.

ಮೊದಲು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿದ್ದವಳು. ಅಲ್ಲಿಯ ಶಿಸ್ತೆಲ್ಲವನ್ನೂ ಹೊತ್ತುಕೊಂಡೇ ಬೆಟ್ಟ ಹತ್ತಿದ್ದಳು. ಹಾರಲು ಬಂದವರ ಹೆಲ್ಮೆಟ್ಟಿನ ಬಕಲ್ಲು, ಎದೆಯ ಪಟ್ಟಿ, ಎರಡೂ ತೊಡೆಯ ಪಟ್ಟಿ, ಹೀಗೆ ಒಂದೊಂದನ್ನೂ ಕೈಯಿಂದ ಎಳೆದು ನೋಡುವಳು. ಕಣ್ಣಿಂದ ನೋಡಿ 'ಸರಿ' ಎಂದದ್ದೇ ಇಲ್ಲ. ಕಣ್ಣು ಮುಚ್ಚಿ ಕೆನ್ನೆಯನ್ನು ಗಾಳಿಗೆ ಒಡ್ಡಿ ವೇಗ ಹೇಳಿದರೆ ಯಂತ್ರವೂ ಒಂದು ಕಿಲೋಮೀಟರಿನ ಒಳಗೇ ಒಪ್ಪುತ್ತಿತ್ತು. ಹೆಸರು ಬಂದದ್ದು ಹಾಗೆ.

ಈ ಯಜಮಾನಿಕೆ ಅವತ್ತು ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ, ಸೂರ್ಯ ಮುಳುಗುವುದರೊಂದಿಗೆ, ಕೊನೆಯಾಗುವುದರಲ್ಲಿತ್ತು.

ನಿಯಮ ಸರಳ. ಉಡಾವಣೆಯ ಮೇಲ್ವಿಚಾರಣೆ ಮಾಡುವವರ ಬಳಿ ಚಾಲ್ತಿಯಲ್ಲಿರುವ ಹಾರಾಟದ ಪರವಾನಗಿ ಇರಬೇಕು. ಪರವಾನಗಿ ಚಾಲ್ತಿಯಲ್ಲಿರಬೇಕಾದರೆ ವರ್ಷಕ್ಕೆ ಒಂದು ಸಲವಾದರೂ ಪರೀಕ್ಷಕರ ಎದುರಿಗೆ ಹದಿನೈದು ನಿಮಿಷ ಹಾರಿ, ಹಗಲಿರುವಾಗಲೇ ಇಳಿಯಬೇಕು. ಗಾಳಿಯಕ್ಕ ಹಾರಿ ಇವತ್ತಿಗೆ ಸರಿಯಾಗಿ ಒಂದು ವರ್ಷ. ಇವತ್ತೂ ಹಾರದಿದ್ದರೆ ಮೂರು ತಿಂಗಳ ತರಬೇತಿಯನ್ನು ಅ ಆ ಇ ಈಯಿಂದ ಮತ್ತೆ ಮಾಡಬೇಕು. ಅಲ್ಲಿಯವರೆಗೆ ಕೆಳಗಿನ ಕಚೇರಿಯಲ್ಲಿ ಪ್ರವೇಶ ಚೀಟಿ ಹರಿಯುತ್ತಾ ಕೂರಬೇಕು. ಆ ಕಚೇರಿಗೆ ಇದ್ದದ್ದು ಒಂದೇ ಕಿಟಕಿ, ಅದೂ ವಾಹನ ನಿಲ್ಲಿಸುವ ಜಾಗದ ಕಡೆಗೆ. ಮೇಲಿನ ಜಾಗಕ್ಕೆ ಇನ್ನೊಂದು ಬೆಟ್ಟದಿಂದ ಯಾರನ್ನೋ ಕರೆಸುತ್ತಾರೆ. ಬಂದವರು ಮತ್ತೆ ಹೋಗುತ್ತಾರೆಂಬ ಭರವಸೆ ಏನೂ ಇರಲಿಲ್ಲ.

"ಅಕ್ಕಾ, ಇದೇನು ಹೇಳು ನೋಡೋಣ?"

ಬಾಗಿಲಲ್ಲಿ ನಿಂತದ್ದು ಅವಳ ತಂಗಿ. ಬೆಟ್ಟದ ಬುಡದಲ್ಲಿ ರೆಕ್ಕೆ ಹೊಲಿಯುವ ಅಂಗಡಿ ಅವಳದು. ಆರು ಮೀಟರ್ ಉದ್ದದ ಮೇಜು, ಎರಡು ಹೊಲಿಗೆ ಯಂತ್ರ, ಹರಿದ ಪ್ಯಾರಾಗ್ಲೈಡರ್ ಬಟ್ಟೆಗಳ ಗುಡ್ಡೆ. ಅಂಗಡಿಯ ಬಾಗಿಲೆಳೆದು ಗಂಡನ ಜೀಪಿನಲ್ಲಿ ಮೇಲೆ ಬಂದಿದ್ದಳು. ಕೈಯಲ್ಲಿ ಗಾಳಿಮನೆಯದೇ ಹಳೆಯ ದಿನಚರಿ ಪುಸ್ತಕ. ಬೈಂಡು ಕಿತ್ತುಹೋಗಿದೆಯೆಂದು ಹೋದ ವಾರ ಹೊಲಿಯಲು ಕೊಟ್ಟದ್ದು.

"ಹೊಲಿದಿದ್ದೀಯಲ್ಲ, ಕೊಡು ಇಲ್ಲಿ."

"ಹೊಲಿದೆ. ಹೊಲೀತಾ ಓದ್ದೆ ಕೂಡ. ಒಂದು ವರ್ಷದಲ್ಲಿ ನಲವತ್ತಮೂರು ದಿನ ಷರಾ ಜಾಗದಲ್ಲಿ 'ಇವತ್ತು ನನಗೆ ಬೇಡ' ಅಂತ ಬರ್ದಿದ್ದೀಯ. ಅದೇ ನಲವತ್ತಮೂರು ದಿನ, ಅದೇ ಗಾಳೀಲಿ, ಎಷ್ಟು ಜನರನ್ನ ಹಾರಿಸಿದ್ದೀಯ ಗೊತ್ತಾ? ಆರುನೂರ ಹದಿನೆಂಟು ಜನ!"

"ಎಣಿಸಿದ್ಯಾ?"

"ನಿನ್ನ ತಂಗಿ ಅಲ್ವಾ, ಎರಡು ಸಲ ಎಣಿಸ್ದೆ."

ಗಾಳಿಯಕ್ಕ ಪುಸ್ತಕ ತೆಗೆದುಕೊಂಡು ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿದಳು. ಗಟ್ಟಿಯಾಗಿತ್ತು. "ಬೇರೆಯವರದು ಬೇರೆ. ಅವರು ವಾರ ವಾರ ಹಾರ್ತಾ ಇರ್ತಾರೆ. ನಂಗೆ ರೂಢಿ ತಪ್ಪಿದೆ. ರೂಢಿ ತಪ್ಪಿದವರಿಗೆ ಗಾಳಿಯ ಮಿತಿ ಕಮ್ಮಿ ಇಡಬೇಕು. ಅದು ಎಚ್ಚರಿಕೆ."

"ಹಾರದೇ ಇದ್ರೆ ರೂಢಿ ತಪ್ಪತ್ತೆ, ರೂಢಿ ತಪ್ಪಿದೆ ಅಂತ ಹಾರಲ್ಲ. ಚೆನ್ನಾಗಿದೆ ನಿನ್ನ ಎಚ್ಚರಿಕೆ. ಗಾಣದ ಎತ್ತಿಗೆ ಹೇಳು, ಒಪ್ಕೊಳ್ಳತ್ತೆ."

ಜೀಪಿನಿಂದ ಇಳಿದು ಬಂದ ತಂಗಿಯ ಗಂಡ ಹೆಂಡತಿಯ ಹಿಂದಿನಿಂದ ಇಣುಕಿದ. ಊರಿಗೆಲ್ಲ ಅವನು ಜೀಪಣ್ಣ. ದಿನಕ್ಕೆ ಹನ್ನೊಂದು ಸಲ ಈ ಬೆಟ್ಟ ಹತ್ತಿ ಇಳಿಯುವವನು. "ಅತ್ತಿಗೆ, ಪರೀಕ್ಷಕರು ಕೆಳಗೆ ಇಳಿಯೋ ಮೈದಾನದಲ್ಲಿ ಮಡಿಸೋ ಕುರ್ಚಿ ಹಾಕ್ಕೊಂಡು, ಕೊಡೆ ಬಿಚ್ಕೊಂಡು ಕೂತಿದ್ದಾರೆ. ಬೆಳಿಗ್ಗೆ ಹತ್ತರಿಂದ. ಮನುಷ್ಯ ಬೆಂದು ಹೋಗ್ತಿದ್ದಾನೆ, ಪಾಪ ಅನ್ನಿ ಒಂಚೂರು."

"ಮೂರೂವರೆಗೆ ನೋಡೋಣ" ಎಂದಳು ಗಾಳಿಯಕ್ಕ.

ಹುಲ್ಲಿನ ಮೇಲೆ ಒಬ್ಬರು ಗೊಳ್ಳೆಂದು ನಕ್ಕರು. ಪೇಟೆಯ ಹಲ್ಲಿನ ಡಾಕ್ಟರು ಅವರು. ಶುಕ್ರವಾರ ಮಧ್ಯಾಹ್ನ ದವಾಖಾನೆ ಮುಚ್ಚಿ ಹಾರಲು ಬರುತ್ತಿದ್ದರು. "ನೋಡೋಣ, ನಾಳೆ ಬರ್ತೀನಿ, ಈಗ ನೋವು ಅಷ್ಟಿಲ್ಲ. ನನ್ನ ಕುರ್ಚೀಲಿ ಕೂತೋರೂ ಹೀಗೇ ಹೇಳೋದು ಅಕ್ಕಾ. ಬಾಯಿ ತೆಗೀರಿ ಅಂದ್ರೆ ಬಾಗಿಲ ಕಡೆ ನೋಡ್ತಾರೆ."

ಎಲ್ಲರೂ ನಕ್ಕರು. ಗಾಳಿಯಕ್ಕನೂ ನಕ್ಕಳು. ಆದರೆ ಒಳಗೊಳಗೆ ಒಂದು ಪ್ರಶ್ನೆ ಇತ್ತು, ಅದಕ್ಕೆ ಅಳತೆಗೋಲು ಸಿಕ್ಕಿರಲಿಲ್ಲ. ತನ್ನದು ಎಚ್ಚರಿಕೆಯೋ ಹೆದರಿಕೆಯೋ? ಬಿದ್ದದ್ದಿಲ್ಲ, ಪೆಟ್ಟು ತಿಂದದ್ದಿಲ್ಲ. ಹೋದ ವರ್ಷ ಒಂದು ದಿನ ಬೇಡ ಅನ್ನಿಸಿತು. ಮರುವಾರ ಹಿಂದಿನ ವಾರದ ನೆನಪಿನಿಂದ ಬೇಡ ಅನ್ನಿಸಿತು. ಆಮೇಲೆ ಬೇಡ ಅನ್ನುವುದಕ್ಕೆ ಕೈ ಪಳಗಿತು. ಬೇರೆಯವರ ವಿಷಯದಲ್ಲಿ ಎರಡು ಸೆಕೆಂಡಿನಲ್ಲಿ ಹೌದು, ಅಲ್ಲ ಹೇಳುವವಳು ತನ್ನ ಸರದಿ ಬಂದಾಗ ಮೀನಮೇಷ ಎಣಿಸುತ್ತಾ ನಿಲ್ಲುತ್ತಿದ್ದಳು.

ಮೂರೂವರೆಗೆ ಅವಳ ಗ್ಲೈಡರ್ ಅಟ್ಟಣೆಯ ಮೇಲಿತ್ತು. ಡಾಕ್ಟರೊಬ್ಬರನ್ನು ಬಿಟ್ಟು ಪ್ಯಾರಾಗ್ಲೈಡರ್‌ನವರೆಲ್ಲ ಅಷ್ಟರಲ್ಲಿ ಹಾರಿಹೋಗಿದ್ದರು. ತಾನು ಹಾರುವಾಗ ಇಳಿಜಾರಿನಲ್ಲಿ ಬೇರೆಯವರು ಹಾರಬಾರದೆಂದು ಕೆಂಪು ಬಾವುಟ ನೆಟ್ಟಾಗಿತ್ತು. ಅವಳು ಹೊಟ್ಟೆಯ ಮೇಲೆ ಮಲಗುವ ಚೀಲದಂಥ ಹಾರ್ನೆಸ್ ತೊಟ್ಟು, ಬೆನ್ನಿನ ಕೊಕ್ಕೆಯನ್ನು ಗ್ಲೈಡರಿನ ನಡುಕಂಬಕ್ಕೆ ಸಿಕ್ಕಿಸಿ, ಒಮ್ಮೆ ತೂಗಿ ನೋಡಿದಳು. ಎರಡನೇ ಸಲವೂ ತೂಗಿ ನೋಡಿದಳು.

ಬೆಟ್ಟದಂಚಿನ ಗಾಳಿಯಲ್ಲಿ ಒಬ್ಬರೇ ಗ್ಲೈಡರನ್ನು ಹಿಡಿದು ನಿಲ್ಲಿಸಲು ಆಗುವುದಿಲ್ಲ. ಮುಂದೆ ಮೂಗಿನ ತಂತಿ ಹಿಡಿಯಲು ಒಬ್ಬರು, ಎಡ ಬಲ ರೆಕ್ಕೆಯ ತಂತಿಗಳನ್ನು ಹಿಡಿಯಲು ಇಬ್ಬರು ಬೇಕು. ಹಾರುವವರು 'ಮೂಗು' ಎಂದರೆ ಮುಂದಿನವರು ಬಗ್ಗಿ ಪಕ್ಕಕ್ಕೆ ಸರಿಯಬೇಕು. 'ಬಿಡಿ' ಎಂದರೆ ಪಕ್ಕದ ಇಬ್ಬರೂ ಒಂದೇ ಕ್ಷಣಕ್ಕೆ ಕೈ ಬಿಟ್ಟು ಹಲಗೆಯ ಮೇಲೆ ಬೋರಲು ಬೀಳಬೇಕು. ಒಬ್ಬರು ಬಿಟ್ಟು ಇನ್ನೊಬ್ಬರು ಒಂದು ಕ್ಷಣ ಹಿಡಿದುಕೊಂಡರೂ ರೆಕ್ಕೆ ವಾಲುತ್ತದೆ. ಅದಕ್ಕೇ ಅಟ್ಟಣೆಯ ಕಂಬಕ್ಕೆ ಗಾಳಿಯಕ್ಕ ತನ್ನ ಕೈಯಾರೆ ಬರೆದು ಒಂದು ತಗಡು ಹೊಡೆದಿದ್ದಳು: 'ಬಿಡಿ ಅಂದರೆ ಬಿಡಬೇಕು. ಯೋಚಿಸಬಾರದು.'

ಮುಂದೆ ತಂಗಿ, ಎಡಕ್ಕೆ ಜೀಪಣ್ಣ, ಬಲಕ್ಕೆ ಹಲ್ಲಿನ ಡಾಕ್ಟರು.

"ಮೂಗು" ಎಂದಳು ಗಾಳಿಯಕ್ಕ. ತಂಗಿ ಬಗ್ಗಿ ಸರಿದು ಕಂಬದ ಪಕ್ಕ ನಿಂತಳು.

"ಸಮ" ಎಂದ ಜೀಪಣ್ಣ, ತನ್ನ ಕಡೆಯ ತಂತಿ ಎಳೆಯುತ್ತಲೂ ಇಲ್ಲ, ಜೋಲುತ್ತಲೂ ಇಲ್ಲ ಎಂಬರ್ಥದಲ್ಲಿ.

"ಸಮ" ಎಂದರು ಡಾಕ್ಟರು.

ಗಾಳಿ ಮುಖಕ್ಕೆ ನೇರವಾಗಿ ಬರುತ್ತಿತ್ತು. ಇಪ್ಪತ್ತೆರಡು ಎಂದಿತು ಅವಳ ಕೆನ್ನೆ. ಮುಂದೆ ಹಲಗೆ, ಹಲಗೆಯಾಚೆ ಏನೂ ಇಲ್ಲ, ತುಂಬ ಕೆಳಗೆ ಮೈದಾನದಲ್ಲಿ ಗುಂಡಿಯಷ್ಟು ದೊಡ್ಡ ಕೊಡೆ. ಹೊರಡಬಹುದಿತ್ತು. ಒಂದು ಬೀಸು ಬಂತು, ಡಾಕ್ಟರು "ಮೇಲೆ... ಮೇಲೆ... ಸಮ" ಎಂದರು. ಅದು ಹೋಗಲಿ ಎಂದು ಕಾದಳು. ಹೋಯಿತು. ಮುಂದಿನದು ಬರಬಹುದೆಂದು ಕಾದಳು. ಬರಲಿಲ್ಲ. ಬಾರದಿರುವುದಕ್ಕೆ ಕಾರಣವೇನಿರಬಹುದೆಂದು ಯೋಚಿಸಿದಳು. ನಾಲ್ಕು ನಿಮಿಷ ಕಳೆಯಿತು. ಜೀಪಣ್ಣ ಒಂದು ಕೈಯಿಂದ ಇನ್ನೊಂದಕ್ಕೆ ತಂತಿ ಬದಲಿಸಿಕೊಂಡ. ಇವರನ್ನು ಹೀಗೆ ನಿಲ್ಲಿಸಿಕೊಳ್ಳುವುದು ಅನ್ಯಾಯ ಅನ್ನಿಸಿತು. ಸಾಕು, ಗ್ಲೈಡರ್ ಒಳಗೆ ತೆಗೆದುಕೊಂಡು ಹೋಗೋಣ. ಚೀಟಿ ಹರಿಯುವ ಕೆಲಸವೇನು ಕೀಳಲ್ಲ.

'ಬಿಡಿ, ಇವತ್ತು ನಂಗೆ ಬೇಡ, ಇನ್ನೊಂದು ಸಲ ನೋಡೋಣ' ಎನ್ನಲು ಬಾಯಿ ತೆರೆದಳು. ಗಾಳಿಯ ಸದ್ದಿಗೆ ಕೇಳಲಿ ಎಂದು ಗಟ್ಟಿಯಾಗಿಯೇ ಶುರು ಮಾಡಿದಳು.

"ಬಿಡಿ!"

ಇಬ್ಬರೂ ಬಿಟ್ಟರು. ಯೋಚಿಸಲಿಲ್ಲ. ತಲೆಯ ಮೇಲೆ ತೆಂಗಿನಕಾಯಿ ಬಿತ್ತೇನೋ ಎಂಬಂತೆ ದಬಕ್ಕನೆ ಹಲಗೆಗೆ ಒರಗಿದರು.

ಭುಜದ ಮೇಲಿದ್ದ ಮೂವತ್ತು ಕಿಲೋ ಭಾರ ಇದ್ದಕ್ಕಿದ್ದಂತೆ ಇಲ್ಲವಾಯಿತು. ನಿಲ್ಲಬೇಕೆ? ಅರ್ಧ ಓಡಿ ನಿಲ್ಲುವುದು ಎಲ್ಲಕ್ಕಿಂತ ಅಪಾಯ ಎಂದು ಹತ್ತು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದವಳು ಅವಳೇ. ತಲೆ ಇದನ್ನು ಯೋಚಿಸಿ ಮುಗಿಸುವ ಮೊದಲೇ ಕಾಲುಗಳು ಓಡುತ್ತಿದ್ದವು. ಒಂದು, ಎರಡು, ಮೂರು. ನಾಲ್ಕನೆಯ ಹೆಜ್ಜೆಗೆ ಹಲಗೆ ಸಿಗಲಿಲ್ಲ.

"...ಇವತ್ತು ನಂಗೆ ಬೇಡ" ಎಂದು ಅವಳು ವಾಕ್ಯ ಮುಗಿಸುವ ಹೊತ್ತಿಗೆ ಅಟ್ಟಣೆ ಐವತ್ತು ಮೀಟರ್ ಹಿಂದೆ ಉಳಿದಿತ್ತು. ಕೇಳಲು ಯಾರೂ ಇರಲಿಲ್ಲ.

ಹೆಲ್ಮೆಟ್ಟಿನೊಳಗಿನ ರೇಡಿಯೋದಲ್ಲಿ ತಂಗಿ ಕಿರುಚುತ್ತಿದ್ದಳು. "ಅಕ್ಕಾ! ಹೋದ್ಯಲ್ಲೇ! ಎಷ್ಟು ಚೆನ್ನಾಗಿ ಹೋದೆ!" ಆಮೇಲೆ ಮೂಗು ಸೀಟಿದ ಸದ್ದು.

ಎರಡು ನಿಮಿಷದಲ್ಲಿ ಕೈಗೆ ಗ್ಲೈಡರ್ ನಡೆಸುವ ಅಡ್ಡಕೋಲಿನ ನೆನಪು ಬಂತು, ಸೊಂಟಕ್ಕೆ ತಿರುವುಗಳ ನೆನಪು ಬಂತು. ಬೆಟ್ಟದ ಮುಖಕ್ಕೆ ಬಡಿದ ಗಾಳಿ ಮೇಲೇರುವ ಪಟ್ಟಿಯಲ್ಲಿ ಎಡಕ್ಕೂ ಬಲಕ್ಕೂ ಓಡಾಡಿದಳು. ಏರಿದಾಗ ಪೀಪೀ ಎನ್ನುವ ಯಂತ್ರ ಅಡ್ಡಕೋಲಿನ ಮೇಲೆ ಹಕ್ಕಿಮರಿಯ ಹಾಗೆ ಕೂಗುತ್ತಿತ್ತು. ಗಾಳಿಮನೆಯ ಚಾವಣಿಯನ್ನು ಮೇಲಿಂದ ನೋಡಿ, ಅಲ್ಲಿ ಮೂರು ತಗಡು ತುಕ್ಕು ಹಿಡಿದದ್ದನ್ನು ಗುರುತು ಮಾಡಿಕೊಂಡಳು. ಇಪ್ಪತ್ತೆರಡು ನಿಮಿಷವಾದ ಮೇಲೆ ಮೈದಾನಕ್ಕೆ ಇಳಿದು, ಎರಡು ಹೆಜ್ಜೆ ಓಡಿ, ನಿಂತಳು.

ಪರೀಕ್ಷಕರು ಕೊಡೆ ಮಡಿಸಿ ಎದ್ದು ಬಂದರು. ಬಿಸಿಲಿಗೆ ಮೂಗು ಕೆಂಪಾಗಿತ್ತು. "ಇಪ್ಪತ್ತೆರಡು ನಿಮಿಷ ಹತ್ತು ಸೆಕೆಂಡು. ಇಳಿದದ್ದು ಗುರುತಿನ ಒಳಗೆ. ಮೇಡಂ, ಬೆಳಿಗ್ಗೆಯಿಂದ ನಾನು ನಿಮ್ಮ ಮೇಲೆ ಸಿಟ್ಟಾಗಿದ್ದೆ, ಈಗ ಇಲ್ಲ." ಅರ್ಜಿಯ ಹಲಗೆಯನ್ನು ಮೊಣಕೈ ಮೇಲಿಟ್ಟುಕೊಂಡು ಗುರುತು ಹಾಕುತ್ತಾ ಹೋದರು. "ಸಲಕರಣೆ ಸರಿ, ಹೌದು. ಗಾಳಿ ಮಿತಿಯೊಳಗೆ, ಹೌದು. ಉಡಾವಣೆ ಚಾಲಕರ ಸ್ವಂತ ನಿರ್ಧಾರದಿಂದ..."

ಪೆನ್ನು 'ಹೌದು'ವಿನ ಮೇಲೆ ಇಳಿಯುತ್ತಿತ್ತು.

ಗಾಳಿಯಕ್ಕ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದಿದ್ದಳು. ಮೇಲಿದ್ದ ಮೂವರಿಗೂ ಗೊತ್ತಿಲ್ಲ. ಎದುರಿಗಿದ್ದವರಿಗೂ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಬೆಟ್ಟ ಅವಳದೇ. ಆದರೆ ನಾಳೆ ಬೆಳಿಗ್ಗೆ ಆ ಬೆಟ್ಟದ ಮೇಲೆ ಅವಳು ಮಾಡಬೇಕಾದ ಕೆಲಸ ಹಾರುವುದಲ್ಲ, ನಿರ್ಧರಿಸುವುದು. ಆ ಕಾಗದದಲ್ಲಿ ಅವಳ ಕೆಲಸವನ್ನು ಕುರಿತು ಇದ್ದದ್ದು ಅದೊಂದೇ ಸಾಲು.

"ಅಲ್ಲ" ಎಂದಳು.

"ಏನಲ್ಲ?"

"ನನ್ನ ನಿರ್ಧಾರ ಅಲ್ಲ."

"ಮತ್ತೆ ಯಾರದು? ಯಾರಾದ್ರೂ ತಳ್ಳಿದ್ರಾ?"

"ಯಾರೂ ತಳ್ಳಲಿಲ್ಲ. ನಾನು ಬೇಡ ಅನ್ನೋಕೆ ಹೋದೆ. 'ಬಿಡಿ, ಇವತ್ತು ಬೇಡ' ಅಂತ. 'ಬಿಡಿ' ಅಂದಿದ್ದೇ ತಡ, ಬಿಟ್ಬಿಟ್ರು."

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ನಗು ಶುರುವಾಯಿತು. ಕುರ್ಚಿಯ ಬೆನ್ನು ಹಿಡಿದು ನಕ್ಕರು, ಕುರ್ಚಿ ಮಡಿಸಿಕೊಂಡು ಬಿತ್ತು, ಅದನ್ನು ನೋಡಿ ಇನ್ನಷ್ಟು ನಕ್ಕರು. ಕಣ್ಣೊರೆಸಿಕೊಂಡು, "ಸುಮ್ನೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು ಮೇಡಂ?" ಎಂದರು.

"ನಂಗೆ ಗೊತ್ತಲ್ಲ."

"ಹಾಗಾದ್ರೆ ಇದು ಲೆಕ್ಕಕ್ಕಿಲ್ಲ. ನಂಗೂ ಬೇಜಾರೇ, ಆದ್ರೆ ಲೆಕ್ಕಕ್ಕಿಲ್ಲ." ಅವರು ಕಾಗದವನ್ನು ಉದ್ದಕ್ಕೆ ಹರಿದು, ಹಲಗೆಗೆ ಹೊಸದೊಂದನ್ನು ಸಿಕ್ಕಿಸಿದರು. "ಸೂರ್ಯ ಮುಳುಗೋದು ಆರು ನಾಲ್ಕಕ್ಕೆ. ಅಲ್ಲೀವರೆಗೂ ನಾನು ಇಲ್ಲೇ ಇರಬೇಕು ಅಂತ ನಿಯಮ ಇದೆ. ಇರ್ತೀನಿ."

ಗಡಿಯಾರ ನಾಲ್ಕು ಗಂಟೆ ಹದಿನಾಲ್ಕು ನಿಮಿಷ ತೋರಿಸುತ್ತಿತ್ತು. ಗ್ಲೈಡರ್ ಬಿಚ್ಚಿ ಮಡಿಸಲು ಇಪ್ಪತ್ತು ನಿಮಿಷ, ಜೀಪಿಗೆ ಕಟ್ಟಲು ಐದು, ಬೆಟ್ಟ ಹತ್ತಲು ಮೂವತ್ತೈದು, ಮತ್ತೆ ಜೋಡಿಸಲು ಇಪ್ಪತ್ತೈದು. ಐದು ಮುಕ್ಕಾಲಿನ ಒಳಗೆ ಹಾರಿದರೆ ಹದಿನೈದು ನಿಮಿಷಕ್ಕೆ ಜಾಗವಿದೆ, ಬರೀ ನಾಲ್ಕು ನಿಮಿಷದ ಸಡಿಲದೊಂದಿಗೆ. ಲೆಕ್ಕ ಮುಗಿಸುವ ಹೊತ್ತಿಗೆ ಅವಳ ಕೈ ಆಗಲೇ ರೆಕ್ಕೆಯ ಕಡ್ಡಿಗಳನ್ನು ಎಳೆಯುತ್ತಿತ್ತು. ಅಷ್ಟರಲ್ಲಿ ಅವಳನ್ನು ಕರೆದೊಯ್ಯಲು ಜೀಪು ಬಂದು ಧೂಳೆಬ್ಬಿಸಿ ನಿಂತಿತು. ತಂಗಿ ಇನ್ನೂ ಮೂಗೊರೆಸಿಕೊಳ್ಳುತ್ತಲೇ ಇಳಿದಳು.

ಸಂಗತಿ ತಿಳಿದಾಗ ಕೈಯಲ್ಲಿದ್ದ ಕರವಸ್ತ್ರವನ್ನು ಅಕ್ಕನ ಮೇಲೆ ಎಸೆದಳು. ಆಮೇಲೆ ಬಾಯಿಗೆ ತಡೆಯೇ ಇರಲಿಲ್ಲ. ಗ್ಲೈಡರ್ ಮಡಿಸುವಾಗಲೂ ಬೈದಳು, ಹಗ್ಗ ಬಿಗಿಯುವಾಗಲೂ ಬೈದಳು. ಜೀಪು ಮೂರನೇ ತಿರುವು ದಾಟುವವರೆಗೂ ಬೈಗುಳ ನಡೆದೇ ಇತ್ತು.

"ನಾನು ಅಲ್ಲಿ ನಿಂತು ಗಳಗಳ ಅತ್ತೆ! ನನ್ನಕ್ಕ ಧೈರ್ಯ ಮಾಡಿದ್ಲು ಅಂತ! ನನ್ನ ಕಣ್ಣೀರು ವಾಪಸ್ ಕೊಡು."

"ಎಷ್ಟು ಮಿಲಿಲೀಟರ್?" ಎಂದಳು ಗಾಳಿಯಕ್ಕ.

ಜೀಪಣ್ಣ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ನಗಲು ಹೋಗಿ, ಹೆಂಡತಿ ಭುಜಕ್ಕೆ ಗುದ್ದಿದ ಮೇಲೆ ರಸ್ತೆ ನೋಡಿದ. "ಅತ್ತಿಗೆ, ಹೆಚ್ಚು ಕಮ್ಮಿ ಆಗಿದ್ರೆ ಏನು ಗತಿ? ಆ ಪದಾನೇ ಸರಿ ಇಲ್ಲ. ದಿನಾ ನೂರು ಸಲ 'ಬಿಡಿ' ಅಂತೀವಿ. ಹೋಗ್ಲಿ ಬಿಡಿ, ಇರ್ಲಿ ಬಿಡಿ, ಆಯ್ತು ಬಿಡಿ. ಅದನ್ನ ತಂದು ಅಟ್ಟಣೆ ಮೇಲೆ ಇಟ್ಟವರು ಯಾರು?"

"ನಾನೇ" ಎಂದಳು ಗಾಳಿಯಕ್ಕ. ಹತ್ತು ವರ್ಷ ಪಟ್ಟಿ, ಬಕಲ್ಲು, ಕೊಕ್ಕೆಗಳನ್ನೆಲ್ಲ ಎಳೆದು ನೋಡಿದವಳು ಆ ಒಂದು ಪದವನ್ನು ಎಳೆದು ನೋಡಿರಲಿಲ್ಲ. "ಬದಲಾಯಿಸೋಣ. ಈಗಲೇ. ಮಾತಿನಲ್ಲಿ ಅಪ್ಪಿತಪ್ಪಿಯೂ ಬಾರದ ಪದ ಬೇಕು."

"ಬದನೆಕಾಯಿ" ಎಂದ ಜೀಪಣ್ಣ ತಕ್ಷಣ.

"ನೀವಾ? ಬೆಳಿಗ್ಗೆಯಿಂದ ರಾತ್ರಿವರೆಗೆ 'ಏನ್ ಬದನೆಕಾಯಿ ರಸ್ತೆ ಇದು, ಏನ್ ಬದನೆಕಾಯಿ ಇಂಜಿನ್ನು' ಅಂತ ಇರ್ತೀರಲ್ಲ! ಮೊದಲನೇ ದಿನವೇ ಯಾರನ್ನಾದ್ರೂ ಬೀಳಿಸ್ತೀರ" ಎಂದಳು ಅವನ ಹೆಂಡತಿ.

"ಹಾಗಾದ್ರೆ 'ಕೈ ತೆಗಿ'?"

"ಅದನ್ನ ನಾನು ನಿಮಗೆ ಹೇಳ್ತಾನೇ ಇರ್ತೀನಿ, ಒಲೆ ಹತ್ರ ಬಂದಾಗೆಲ್ಲ."

"ತ್ರಿಜ್ಯ" ಎಂದಳು ಗಾಳಿಯಕ್ಕ.

ಜೀಪಣ್ಣ ಗೇರು ಬದಲಿಸಿದ.

"ಅದು ವೃತ್ತದ್ದಾ, ತ್ರಿಕೋನದ್ದಾ ಅತ್ತಿಗೆ? ಸ್ಕೂಲು ಬಿಟ್ಟ ಮೇಲೆ ಆ ಪದ ಕಿವಿಗೇ ಬಿದ್ದಿಲ್ಲ ನೋಡಿ."

"ಅದಕ್ಕೇ ಸರಿ" ಎಂದಳು ಅವಳು. ಮೇಲೆ ತಲುಪುವವರೆಗೆ ಗಂಡ ಹೆಂಡತಿ ಇಬ್ಬರೂ 'ತ್ರಿಜ್ಯ, ತ್ರಿಜ್ಯ' ಎಂದು ಬಾಯಿಪಾಠ ಮಾಡಿದರು.

ಕೆಂಪು ಬಾವುಟದ ಪಕ್ಕ ಹಲ್ಲಿನ ಡಾಕ್ಟರು ಕಾವಲು ಕೂತಿದ್ದರು. ಕಥೆ ಕೇಳಿ, "ಹಂಗಾದ್ರೆ ನಾನು ಅರಿವಳಿಕೆ ಕೊಡದೇ ಹಲ್ಲು ಕಿತ್ತಂಗಾಯ್ತು" ಎಂದು ತಲೆ ಚಚ್ಚಿಕೊಂಡು, ಕೊಳವೆಗಳನ್ನು ಜೋಡಿಸಲು ಕೈ ಹಾಕಿದರು.

ಐದು ನಲವತ್ತೊಂದಕ್ಕೆ ಗ್ಲೈಡರ್ ಸಿದ್ಧವಾಯಿತು. ಗಾಳಿಯಕ್ಕ ತಂತಿಗಳನ್ನು ಒಂದು ಸಲ ನೋಡಿ, ಕೊಕ್ಕೆ ಸಿಕ್ಕಿಸಿ, ತೂಗಿ ನೋಡಿ, ಅಟ್ಟಣೆಯ ಮೇಲೆ ಬಂದು ನಿಂತಳು. ಗಾಳಿ ಪೂರಾ ಬದಲಾಗಿತ್ತು. ಹದಿಮೂರು. ಮಧ್ಯಾಹ್ನದ ಒರಟುತನವಿಲ್ಲ, ಒಂದೇ ಸಮನೆ ಮೆಲ್ಲಗೆ ಬರುತ್ತಿತ್ತು. ಬೆಟ್ಟಕ್ಕೆ ಬಡಿದು ಮೇಲೇರಿ ಅವಳನ್ನು ಎತ್ತಿ ಹಿಡಿಯುವಷ್ಟು ಶಕ್ತಿ ಅದರಲ್ಲಿರಲಿಲ್ಲ. ಸುಮ್ಮನೆ ಹಾರಿದರೆ ಮುನ್ನೂರ ನಲವತ್ತು ಮೀಟರ್ ಕೆಳಗಿನ ಮೈದಾನಕ್ಕೆ ಐದು ನಿಮಿಷದಲ್ಲಿ ಇಳಿದುಬಿಡುತ್ತಾಳೆ. ಆಗ ಪರವಾನಗಿಯೂ ಇಲ್ಲ, ಇನ್ನೊಂದು ಅವಕಾಶವೂ ಇಲ್ಲ.

ಆದರೆ ಸಂಜೆಗೆ ಇನ್ನೊಂದು ಗುಣವಿದೆ. ಹಗಲೆಲ್ಲ ಬಿಸಿಲು ಕುಡಿದ ಡಾಂಬರು, ತಗಡು, ಕಲ್ಲುಗಳು ನೆರಳು ಬಿದ್ದ ಮೇಲೆ ಆ ಬಿಸಿಯನ್ನು ನಿಧಾನವಾಗಿ ಬಿಟ್ಟುಕೊಡುತ್ತವೆ. ಬೆಟ್ಟದ ಬದಿಗಳಿಂದ ಜಾರಿದ ತಣ್ಣನೆಯ ಗಾಳಿ ಕಣಿವೆಯ ತಳಕ್ಕೆ ನುಗ್ಗಿ ಆ ಬೆಚ್ಚಗಿನ ಗಾಳಿಯನ್ನು ಮೇಲಕ್ಕೆ ಎತ್ತುತ್ತದೆ. ಎಲ್ಲ ದಿನವೂ ಹೀಗಾಗುವುದಿಲ್ಲ. ಅವಳು ಕೆಳಗೆ ನೋಡಿದಳು. ಬಸ್ ಡಿಪೋದ ಆಚೆ ಯಾರದೋ ಹೊಗೆಗೊಳವೆಯ ಹೊಗೆ ಮೊದಲು ಅಡ್ಡಕ್ಕೆ ಹರಿದು, ಡಿಪೋದ ಅಂಗಳದ ಮೇಲೆ ಬಂದ ಮೇಲೆ ಮೆಟ್ಟಿಲು ಹತ್ತುವಂತೆ ಮೇಲೇರುತ್ತಿತ್ತು. ಅದರ ಪಕ್ಕ ಎರಡು ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು.

ಬೇರೆ ಯಾರಾದರೂ ಈ ಹಲಗೆಯ ಮೇಲೆ ನಿಂತು 'ಹೋಗಲಾ ಅಕ್ಕಾ?' ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆ? ಎರಡು ಸೆಕೆಂಡು ಸಾಕಾಯಿತು.

"ನಾನು ಹೊರಡ್ತೀನಿ" ಎಂದಳು, ಎಲ್ಲರಿಗೂ ಕೇಳುವಂತೆ. ರೇಡಿಯೋದ ಗುಂಡಿ ಒತ್ತಿ ಪರೀಕ್ಷಕರಿಗೂ ಹೇಳಿದಳು. ತಂಗಿ ಮೂಗಿನ ಹತ್ತಿರದಿಂದ ಅಕ್ಕನ ಕಣ್ಣನ್ನೇ ನೋಡುತ್ತಿದ್ದಳು. ಈ ಸಲ ಅಳಲು ಅವಸರ ಪಡಲಿಲ್ಲ.

"ಮೂಗು."

"ಸಮ."

"ಸಮ."

"ತ್ರಿಜ್ಯ!"

ಗಾಳಿ ಕಡಿಮೆ, ಆದ್ದರಿಂದ ಓಟ ಹೆಚ್ಚು ಬೇಕು. ಹಲಗೆ ಮುಗಿಯುವವರೆಗೂ ಓಡಿದಳು, ಕೊನೆಯ ಹೆಜ್ಜೆಯನ್ನು ಅತ್ಯಂತ ಜೋರಾಗಿ ಇಟ್ಟಳು. ಐದು ಗಂಟೆ ನಲವತ್ತಾರು ನಿಮಿಷ.

ಮೊದಲ ಎರಡು ನಿಮಿಷ ಯಂತ್ರ ಪೀಪೀ ಎನ್ನಲಿಲ್ಲ. ಎತ್ತರದಲ್ಲಿ ನೂರು ಮೀಟರ್ ಹೋಯಿತು, ಆಮೇಲೆ ಇನ್ನೂ ಮೂವತ್ತು. ಮೂವರೂ ಅಂಚಿನಲ್ಲಿ ಬಾಗಿ ನಿಂತಿದ್ದಾರೆಂದು ಅವಳಿಗೆ ನೋಡದೆಯೇ ಗೊತ್ತಿತ್ತು. ಬೆಟ್ಟದ ಪಕ್ಕದಲ್ಲೇ ಉಳಿಯುವ ಆಸೆಯನ್ನು ಒತ್ತಿಹಿಡಿದು ನೇರವಾಗಿ ಡಿಪೋದ ಕಡೆಗೆ ಹೊರಟಳು. ತಂಗಿಯ ಅಂಗಡಿ ಕೆಳಗೆ ಹಾದುಹೋಯಿತು, ಸಾಲು ನಿಂತ ಬಸ್ಸುಗಳು ಬಂದವು. ಎಡ ರೆಕ್ಕೆಯನ್ನು ಯಾರೋ ಅಂಗೈಯಿಂದ ಮೆಲ್ಲಗೆ ಎತ್ತಿದಂತಾಯಿತು. ಎತ್ತಿದ ಕಡೆಗೇ ತಿರುಗಿದಳು.

ಪೀ.

ಸ್ವಲ್ಪ ಹೊತ್ತು ಬಿಟ್ಟು, ಪೀ, ಪೀ.

"ಅತ್ತಿಗೆ ನಿಂತ್ರು! ಇಳೀತಿಲ್ಲ!" ಎಂದು ಜೀಪಣ್ಣ ರೇಡಿಯೋದಲ್ಲಿ ಕೂಗಿದ. ಹಿಂದಿನಿಂದ ಡಾಕ್ಟರು, "ಮೆಲ್ಲಗೆ ಮಾತಾಡಿ, ಗಾಳಿಗೆ ಗಾಬರಿ ಆಗತ್ತೆ" ಎಂದದ್ದೂ ಕೇಳಿತು.

ಗಾಳಿ ಹಾಲಿನ ಕೆನೆಯಷ್ಟು ನುಣುಪಾಗಿತ್ತು. ಅಗಲವಾಗಿ ಸುತ್ತು ಹಾಕಿದಳು. ಎಲ್ಲಿ ಹೋದರೂ ಏರುತ್ತಿತ್ತು, ಇಡೀ ಕಣಿವೆಯೇ ನಿಟ್ಟುಸಿರು ಬಿಡುತ್ತಿದ್ದಂತೆ. ಬಿಸಿಲು ಅವಳ ಮೇಲಿತ್ತು, ಕೆಳಗೆ ರಸ್ತೆಗಳೆಲ್ಲ ನೆರಳಿಗೆ ಸರಿದಿದ್ದವು. ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದವನೊಬ್ಬ ನೀರಿನ ಪೈಪನ್ನು ಹಾಗೇ ಹಿಡಿದು ಮೇಲೆ ನೋಡುತ್ತಾ ತನ್ನ ಕಾಲನ್ನೇ ತೊಳೆದುಕೊಂಡ. ಅವಳು ಗಟ್ಟಿಯಾಗಿ ನಕ್ಕಳು. ಮೇಲೆ ಒಬ್ಬಳೇ ಇರುವಾಗ ನಗುವುದರಲ್ಲಿ ಒಂದು ಸುಖವಿತ್ತು, ಅದು ಇಷ್ಟು ದಿನ ಮರೆತೇ ಹೋಗಿತ್ತು.

ಹನ್ನೆರಡನೆಯ ನಿಮಿಷಕ್ಕೆ ಹೊಸ ತಾಪತ್ರಯ ಶುರುವಾಯಿತು. ಗ್ಲೈಡರ್ ಇಳಿಯಲೊಲ್ಲದು. ಆರು ನಾಲ್ಕರ ಒಳಗೆ ಕಾಲು ನೆಲಕ್ಕೆ ತಾಕದಿದ್ದರೆ ಇದೂ ಲೆಕ್ಕಕ್ಕಿಲ್ಲ.

"ಮೇಡಂ, ಇಳೀರಿ" ಎಂದರು ಪರೀಕ್ಷಕರು ರೇಡಿಯೋದಲ್ಲಿ. ಮೊದಲ ಸಲ ಅವರ ದನಿಯಲ್ಲಿ ಗಾಬರಿ ಇತ್ತು. "ಸೂರ್ಯ ನಿಮಗೆ ಕಾಯಲ್ಲ."

"ಇಳೀತಿದ್ದೀನಿ! ಅದು ಬಿಡ್ತಿಲ್ಲ!"

ಅಡ್ಡಕೋಲನ್ನು ಹೊಟ್ಟೆಗೆ ಎಳೆದುಕೊಂಡು ಗ್ಲೈಡರಿನ ಮೂಗು ತಗ್ಗಿಸಿ, ಕಡಿದಾದ ಸುತ್ತುಗಳಲ್ಲಿ ಕೆಳಗಿಳಿಸಿದಳು. ಕಿವಿಯಲ್ಲಿ ಗಾಳಿ ಶಿಳ್ಳೆ ಹೊಡೆಯಿತು. ಮೈದಾನದ ಹುಲ್ಲು ಮೇಲೆದ್ದು ಬಂತು. ಪರೀಕ್ಷಕರು ಕುರ್ಚಿಯನ್ನೂ ಕೊಡೆಯನ್ನೂ ಎತ್ತಿಕೊಂಡು ಪಕ್ಕಕ್ಕೆ ಓಡಿದರು. ಅವಳು ಕೋಲನ್ನು ಮೇಲಕ್ಕೆ ತಳ್ಳಿ, ರೆಕ್ಕೆ ನಿಂತಾಗ ಮೂರು ಹೆಜ್ಜೆ ಓಡಿ, ನಾಲ್ಕನೆಯದಕ್ಕೆ ಮಂಡಿಯೂರಿ ನಿಂತಳು. ಮೊಣಕಾಲಿನ ಮೇಲೆ ಹಸಿರು ಕಲೆ. ಬೆಟ್ಟದ ತಲೆಯಿಂದ ಮೂರು ಗಂಟಲುಗಳ ಕೇಕೆ ತಡವಾಗಿ ಕೆಳಗೆ ತಲುಪಿತು.

ಪರೀಕ್ಷಕರು ಹಲಗೆ ಹಿಡಿದು ಬಂದರು. ಮೇಲಿನ ಎರಡು ಸಾಲು ತುಂಬಿ, ಮೂರನೆಯದರ ಹತ್ತಿರ ಪೆನ್ನು ಎತ್ತಿ ಹಿಡಿದು ಅವಳ ಮುಖ ನೋಡಿದರು.

"ಹೌದು" ಎಂದಳು ಗಾಳಿಯಕ್ಕ, ಏದುಸಿರಿನಲ್ಲಿ.

ಅವರು ಗುರುತು ಹಾಕಿ, ಕೈಯಲ್ಲಿದ್ದ ಗಡಿಯಾರವನ್ನು ಅವಳ ಕಡೆಗೆ ತಿರುಗಿಸಿ, ಅಲ್ಲಿದ್ದದ್ದನ್ನು ಕೊನೆಯ ಸಾಲಿನಲ್ಲಿ ಬರೆದರು: ಇಳಿದದ್ದು ಆರು ಗಂಟೆ ಎರಡು ನಿಮಿಷಕ್ಕೆ; ಹಾರಾಟದ ಅವಧಿ, ಹದಿನಾರು ನಿಮಿಷ ಇಪ್ಪತ್ತು ಸೆಕೆಂಡು.